ಸಾಂಖ್ಯಿಕ ಪರೀಕ್ಷೆಯ ಆಯ್ಕೆ, ಮನೋವಿಜ್ಞಾನದಲ್ಲಿ

ಸಂಶೋಧನೆಯ ಅಂಕಿಗಳಲ್ಲಿ ಕಾಣುವ ವ್ಯತ್ಯಾಸ ಅಥವಾ ಸಂಬಂಧ ಬರೀ ಆಕಸ್ಮಿಕವೇ ಎಂದು ತೂಗಿ ನೋಡುವ ಲೆಕ್ಕಕ್ರಮಕ್ಕೆ ಸಾಂಖ್ಯಿಕ ಪರೀಕ್ಷೆ ಎನ್ನುತ್ತಾರೆ. ಎರಡು ಗುಂಪುಗಳ ಸರಾಸರಿ ಹೋಲಿಸುವ ಟಿ-ಟೆಸ್ಟ್, ಹೆಚ್ಚು ಗುಂಪುಗಳ ಸರಾಸರಿ ಹೋಲಿಸುವ ಅನೋವಾ, ಎಣಿಕೆಗಳನ್ನು ಹೋಲಿಸುವ ಕೈ-ಸ್ಕ್ವೇರ್ ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕೆಂಬುದು ಮಂಗಳೂರಿನ ಎಂ.ಎಸ್ಸಿ. ವಿದ್ಯಾರ್ಥಿಗೂ ಗೈಡಿಗೂ ನಡುವೆ ಪ್ರತಿವರ್ಷ ಏಳುವ ಪ್ರಶ್ನೆ.

ಈ ಪರೀಕ್ಷೆಗಳಲ್ಲಿ ಹೆಚ್ಚಿನವು ಮನಸ್ಸಿನ ಅಧ್ಯಯನಕ್ಕಾಗಿ ಹುಟ್ಟಿದವಲ್ಲ. ಕಾರ್ಲ್ ಪಿಯರ್ಸನ್ 1900ರಲ್ಲಿ ಕೈ-ಸ್ಕ್ವೇರ್ ಪರೀಕ್ಷೆಯನ್ನು ರೂಪಿಸಿದರು. 1908ರ ಟಿ-ಟೆಸ್ಟ್ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ ಗಾಸೆಟ್ ಅವರದು. 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟವಾಯಿತು. ಫಿಶರ್ ಅವರ ಅನೋವಾ ಬೆಳೆದದ್ದು ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹೊಲಗಳಲ್ಲಿ. 1945ರಲ್ಲಿ ದತ್ತಾಂಶವನ್ನು ಶ್ರೇಣಿಗೆ ಇಳಿಸಿ ಹೋಲಿಸಿದ ವಿಲ್‌ಕಾಕ್ಸನ್ ರಸಾಯನಶಾಸ್ತ್ರಜ್ಞ. 1904ರಲ್ಲಿ ಶ್ರೇಣಿ ಸಹಸಂಬಂಧವನ್ನು ಕೊಟ್ಟ ಚಾರ್ಲ್ಸ್ ಸ್ಪಿಯರ್‌ಮನ್ ಮಾತ್ರ ಮನೋವಿಜ್ಞಾನಿಯೇ.

ಕರ್ನಾಟಕದ ನಂಟು ಶುರುವಾಗುವುದೂ ಅವರಿಂದಲೇ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತ ಎಂ.ವಿ. ಗೋಪಾಲಸ್ವಾಮಿ, 1924ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ಮೈಸೂರಿನಲ್ಲಿ ಆಕಾಶವಾಣಿ ಆರಂಭಿಸಿದವರೆಂದು ನಾಡು ಅವರನ್ನು ನೆನೆಯುತ್ತದೆ. ಅಳತೆಯ ವಿದ್ಯೆಯನ್ನು ತಂದವರೆಂದು ನೆನೆಯುವವರು ಕಡಿಮೆ. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್, ಕೇಂಬ್ರಿಜ್‌ನಲ್ಲಿ ಫಿಶರ್ ಅವರ ಶಿಷ್ಯರಾಗಿ, ಹಲವು ಅಳತೆಗಳನ್ನು ಒಟ್ಟಿಗೆ ಪರೀಕ್ಷಿಸುವ ವಿಧಾನಗಳನ್ನು 1948ರಲ್ಲಿ ಮಂಡಿಸಿದರು. ಆತಂಕ, ಖಿನ್ನತೆ, ನಿದ್ರೆ ಮೂರನ್ನೂ ಒಂದೇ ಅಧ್ಯಯನದಲ್ಲಿ ಅಳೆಯುವವರಿಗೆ ಇಂದಿಗೂ ಆ ಕುಟುಂಬದ ಪರೀಕ್ಷೆಗಳೇ ಬೇಕು.

ಆಯ್ಕೆಗೆ ನಿಯಮ ಬಂದದ್ದು ತಡವಾಗಿ. 1946ರಲ್ಲಿ ಎಸ್.ಎಸ್. ಸ್ಟೀವನ್ಸ್ ಅಳತೆಯನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿದರು: ಹೆಸರು, ಕ್ರಮ, ಅಂತರ, ಅನುಪಾತ. 1956ರ ಸಿಡ್ನಿ ಸೀಗಲ್ ಅವರ ಪುಸ್ತಕ ಅಳತೆಯ ಮಟ್ಟ ಮತ್ತು ಗುಂಪುಗಳ ಸಂಖ್ಯೆಗೆ ತಕ್ಕಂತೆ ಪರೀಕ್ಷೆಗಳನ್ನು ಜೋಡಿಸಿತು. ಈಗ ತರಗತಿಗಳಲ್ಲಿ ಹಂಚುವ ಆಯ್ಕೆಯ ಚಾರ್ಟುಗಳು ಅದೇ ಜಾಡಿನವು. ಎಲ್ಲರೂ ಇದನ್ನು ಒಪ್ಪಲಿಲ್ಲ. ಫ್ರೆಡರಿಕ್ ಲಾರ್ಡ್ 1953ರಲ್ಲೇ ಫುಟ್‌ಬಾಲ್ ಆಟಗಾರರ ಅಂಗಿಯ ಸಂಖ್ಯೆಗಳಿಗೂ ಸರಾಸರಿ ತೆಗೆದು ಸ್ಟೀವನ್ಸ್ ನಿಯಮವನ್ನು ಗೇಲಿ ಮಾಡಿದ್ದರು. ಐದು ಆಯ್ಕೆಗಳ ಪ್ರಶ್ನಾವಳಿಯ ಮೊತ್ತಕ್ಕೆ ಟಿ-ಟೆಸ್ಟ್ ಹಾಕಬಹುದೇ ಎಂಬ ಜಗಳ ಇನ್ನೂ ಮುಗಿದಿಲ್ಲ.

ಮಂಗಳೂರು ಕೇಂದ್ರವಾಗಿದ್ದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆಯೊಂದಿದೆ. ಉಡುಪಿಯಾಚೆಯ ಕೋಟ ಶಿವರಾಮ ಕಾರಂತರ ಹುಟ್ಟೂರು. ಅಲ್ಲಿ ಮನೋವೈದ್ಯರಾದ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮಾನಸಿಕ ತೊಂದರೆಗಳನ್ನು ಸಮೀಕ್ಷೆ ಮಾಡಿದರು. ಅದನ್ನು ಕುರಿತ ಅವರ ಪುಸ್ತಕ 'ದ ಗ್ರೇಟ್ ಯೂನಿವರ್ಸ್ ಆಫ್ ಕೋಟ' 1976ರಲ್ಲಿ ಹೊರಬಂತು. ಬಂಟರದೂ ಮೊಗವೀರರದೂ ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನ, ಬ್ರಾಹ್ಮಣರದು ತಂದೆಯ ಕಡೆಯಿಂದ ಎಣಿಸುವ ಮಕ್ಕಳಸಂತಾನ. ಕಟ್ಟುಕಟ್ಟಳೆ ಬದಲಾಗುತ್ತಿರುವಾಗ ಮನಸ್ಸಿನ ಮೇಲಾಗುವ ಒತ್ತಡ ಈ ಸಂಶೋಧಕರ ಕುತೂಹಲದ ವಸ್ತು. ಮೈಮೇಲೆ ಬರುವವರು, ಪಾತ್ರಿಗಳು, ಮಂತ್ರವಾದಿಗಳೂ ಅಧ್ಯಯನದಲ್ಲಿದ್ದರು.

ಇಂಥ ಸಮೀಕ್ಷೆಯಲ್ಲಿ ಪರೀಕ್ಷೆಯ ಆಯ್ಕೆ ಹೇಗೆ? ಒಂದು ಲಕ್ಷಣ ಇದೆಯೋ ಇಲ್ಲವೋ ಎಂದು ಎಣಿಸಿ ಮೂರು ಸಮುದಾಯಗಳನ್ನು ಹೋಲಿಸಿದರೆ ಕೈ-ಸ್ಕ್ವೇರ್ ಸಾಕು. ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆಯಾದರೆ ಫಿಶರ್ ಅವರ ನಿಖರ ಪರೀಕ್ಷೆ. ಲಕ್ಷಣಗಳ ಮೊತ್ತವನ್ನು ಹೋಲಿಸುವಾಗ ತೊಡಕು ಬೇರೆ: ಹೆಚ್ಚಿನವರ ಮೊತ್ತ ಸೊನ್ನೆಯ ಹತ್ತಿರವಿದ್ದು ಕೆಲವರದು ಮಾತ್ರ ದೊಡ್ಡದಾಗಿದ್ದರೆ, ಅನೋವಾಕ್ಕಿಂತ ಶ್ರೇಣಿಗಳನ್ನು ಹೋಲಿಸುವ 1952ರ ಕ್ರಸ್ಕಲ್-ವಾಲಿಸ್ ಪರೀಕ್ಷೆ ಮೇಲು. ಎರಡೆರಡು ಗುಂಪುಗಳಿಗೆ ಮೂರು ಟಿ-ಟೆಸ್ಟ್ ಹಾಕಿಬಿಡುವುದು ಸಾಮಾನ್ಯ ತಪ್ಪು. ಸ್ವತಂತ್ರ ಹೋಲಿಕೆಗಳೆಂದು ಭಾವಿಸಿದರೆ ಎಲ್ಲಾದರೂ ಒಂದು ಸುಳ್ಳು ಫಲಿತಾಂಶ ಸಿಗುವ ಸಂಭವ ಶೇ 5ರಿಂದ ಸುಮಾರು 14ಕ್ಕೆ ಏರುತ್ತದೆ. ಒಂದೇ ಮನೆಯ ಅತ್ತೆ, ಸೊಸೆ, ಮಗ ಮೂವರನ್ನೂ ಸಂದರ್ಶಿಸಿದ್ದರೆ ಆ ಉತ್ತರಗಳು ಪರಸ್ಪರ ಸ್ವತಂತ್ರವೇ ಅಲ್ಲ. ಆಗ ಮೇಲಿನ ಯಾವ ಪರೀಕ್ಷೆಯನ್ನೂ ನೇರವಾಗಿ ನಂಬುವಂತಿಲ್ಲ.

1955ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1960ರಲ್ಲಿ ರೋಶನಿ ನಿಲಯ, 1980ರಲ್ಲಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಬಂದ ಮೇಲೆ ಮಂಗಳೂರಿನಲ್ಲಿ ಪ್ರಬಂಧ ಬರೆಯುವವರು ಹೆಚ್ಚಿದರು. ಲೆಕ್ಕದ ಶ್ರಮವನ್ನು 1968ರಲ್ಲಿ ಬಂದ ಎಸ್‌ಪಿಎಸ್‌ಎಸ್ ತಂತ್ರಾಂಶ ಕಳೆಯಿತು. ಜೊತೆಗೆ, ದತ್ತಾಂಶ ಕಲೆಹಾಕಿಯಾದ ಮೇಲೆ ಪರೀಕ್ಷೆ ಹುಡುಕುವ ಚಾಳಿಯನ್ನೂ ಅದು ಸುಲಭಗೊಳಿಸಿತು. ಮಾದರಿಯ ಗಾತ್ರವೂ ಆಯ್ಕೆಯ ಭಾಗವೇ: ಜೇಕಬ್ ಕೋಹೆನ್ 1962ರಲ್ಲಿ ಅಮೆರಿಕದ ಮನೋವಿಜ್ಞಾನ ಪತ್ರಿಕೆಯೊಂದರ ಲೇಖನಗಳನ್ನು ಜಾಲಾಡಿ, ಮಧ್ಯಮ ಗಾತ್ರದ ಪರಿಣಾಮವನ್ನು ಪತ್ತೆಹಚ್ಚುವ ಅವುಗಳ ಸಾಮರ್ಥ್ಯ ಸರಾಸರಿ ಅರ್ಧಕ್ಕಿಂತ ಕಡಿಮೆ ಎಂದು ತೋರಿಸಿದರು.

ವಿದೇಶಿ ಪಠ್ಯಗಳ ಕಲ್ಪಿತ ಉದಾಹರಣೆಗಳಿಗಿಂತ ಕೋಟದ ಮೂರು ಸಮುದಾಯಗಳ ಉದಾಹರಣೆ ಕರಾವಳಿಯ ವಿದ್ಯಾರ್ಥಿಗೆ ಬೇಗ ದಕ್ಕುತ್ತದೆ. ಸಂಶೋಧನಾ ವಿಧಾನ ಬೋಧಿಸುವವರು ಆ ಪುಸ್ತಕವನ್ನು ಗ್ರಂಥಾಲಯದಿಂದ ತರಗತಿಗೆ ತರಬೇಕು.