ಜೀವೌಷಧ: ಕಸಾಯಿಖಾನೆಯಿಂದ ಮೇಜಿನ ಮೇಲಿನ ಯಂತ್ರದವರೆಗೆ

೧೯೨೨ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಲೆನರ್ಡ್ ಥಾಂಪ್ಸನ್ ಎಂಬ ೧೪ ವರ್ಷದ ಬಾಲಕನಿಗೆ ಇನ್ಸುಲಿನ್ ಚುಚ್ಚಲಾಯಿತು. ಅದುವರೆಗೆ ಬಾಲ್ಯದ ಮಧುಮೇಹವೆಂದರೆ ಮರಣಶಾಸನವೇ ಆಗಿದ್ದಿತು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಈ ಮೂವರು ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ವ್ಯಾಪಾರದ ಇತಿಹಾಸದಲ್ಲಿ ಇಂತಹ ಕ್ರಯಪತ್ರಗಳು ವಿರಳ. ಆದರೆ ಔಷಧದ ಮೂಲದ್ರವ್ಯ ಬರುತ್ತಿದ್ದುದು ಕಸಾಯಿಖಾನೆಯಿಂದ. ಸುಮಾರು ೨೨೫ ಗ್ರಾಂ ಇನ್ಸುಲಿನ್ನಿಗೆ ಎರಡು ಟನ್ನಿನಷ್ಟು ಮೇದೋಜೀರಕ ಗ್ರಂಥಿಗಳು ಬೇಕಾಗುತ್ತಿದ್ದವು. ಒಂದು ಜೀವದ ರಕ್ಷಣೆಗೆ ಅನೇಕ ಪಂಚೇಂದ್ರಿಯ ಜೀವಿಗಳ ವಧೆ! ಮಧುಮೇಹಿ ಮಗುವಿದ್ದ ಶ್ರಾವಕನ ಮನೆಯಲ್ಲಿ ಈ ಧರ್ಮಸಂಕಟ ಬರಿಯ ಗ್ರಂಥಚರ್ಚೆಯಾಗಿ ಉಳಿಯುವಂತಿರಲಿಲ್ಲ.

೧೯೭೮ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಬ್ಯಾಕ್ಟೀರಿಯದ ಮೂಲಕ ಮಾನವ ಇನ್ಸುಲಿನ್ನನ್ನು ಪಡೆದರು. ೧೯೮೨ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ೨೦೦೪ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಪಿಕಿಯಾ ಎಂಬ ಯೀಸ್ಟಿನಿಂದ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು. ಯೀಸ್ಟೂ ಜೀವಿಯೇ ಅಲ್ಲವೆ ಎಂಬ ಆಕ್ಷೇಪವುಂಟು. ಆದರೆ ಸ್ಥಾವರ ಜೀವಿಗಳಿಗೂ ತ್ರಸ ಜೀವಿಗಳಿಗೂ ಶ್ರಾವಕಾಚಾರವು ಭೇದವೆಣಿಸಿದೆ.

ವಧೆಯ ಪ್ರಶ್ನೆ ಹಿಂದೆ ಸರಿಯಿತು, ಗಾತ್ರದ ಪ್ರಶ್ನೆ ಮುಂದೆ ಬಂದಿತು. ಜೀವೌಷಧಗಳು ಸಾವಿರಾರು ಲೀಟರುಗಳ ತೊಟ್ಟಿಗಳಲ್ಲಿ, ಕೆಲವೇ ಕಾರ್ಖಾನೆಗಳಲ್ಲಿ ತಯಾರಾಗತೊಡಗಿದವು. ೨೦೦೯ರಲ್ಲಿ ಅಮೆರಿಕದ ಜೆನ್‌ಜೈಮ್ ಸಂಸ್ಥೆಯ ಆಲ್‌ಸ್ಟನ್ ಕಾರ್ಖಾನೆಯ ಜೀವಕೋಶಗಳಿಗೆ ವೈರಸ್ಸು ತಗುಲಿತು. ಅದು ಮನುಷ್ಯರಿಗೆ ಹಾನಿಕರವೆಂದು ಕಂಡುಬಂದಿರಲಿಲ್ಲ; ಆದರೂ ಉತ್ಪಾದನೆ ನಿಂತು, ಗೌಷರ್ ಮತ್ತು ಫ್ಯಾಬ್ರಿ ಎಂಬ ಅಪೂರ್ವ ವ್ಯಾಧಿಗಳ ರೋಗಿಗಳು ಔಷಧಕ್ಕಾಗಿ ಪರದಾಡಿದರು. ಒಂದೇ ಉಗ್ರಾಣವನ್ನು ನೆಚ್ಚಿದ ಊರಿನ ಪಾಡು ಅದು.

ಇದಕ್ಕೆ ಪ್ರತಿಯಾದ ಮಾರ್ಗವೊಂದನ್ನು ೨೦೧೮ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕ್ರಿಸ್ಟೋಫರ್ ಲವ್ ಮತ್ತು ಸಂಗಡಿಗರು ತೋರಿಸಿದರು. ಅವರ ಯಂತ್ರ ಮೇಜಿನ ಮೇಲೆ ಹಿಡಿಯುವಷ್ಟು ಸಣ್ಣದು. ಅಲ್ಲಿಯೂ ದುಡಿಯುವುದು ಪಿಕಿಯಾ ಯೀಸ್ಟೇ. ಪೋಷಕದ್ರವ ಒಂದು ಕಡೆಯಿಂದ ಸತತವಾಗಿ ಹರಿದುಬರುತ್ತದೆ. ಜೀವಕೋಶಗಳು ಪಾತ್ರೆಯಲ್ಲೇ ಉಳಿದು, ಔಷಧವುಳ್ಳ ದ್ರವ ಮಾತ್ರ ಹೊರಹೋಗುತ್ತದೆ. ಮುಂದಿನ ಘಟಕದಲ್ಲಿ ಅದರ ಶುದ್ಧೀಕರಣ, ಅದರ ಮುಂದಿನದರಲ್ಲಿ ಬಳಕೆಗೆ ತಕ್ಕ ಹದ. ಮನುಷ್ಯನ ಕೈ ಸೋಕುವುದು ಅತ್ಯಲ್ಪ. ಬೆಳವಣಿಗೆಯ ಹಾರ್ಮೋನು, ಇಂಟರ್‌ಫೆರಾನ್, ಬಿಳಿರಕ್ತಕಣಗಳನ್ನು ವೃದ್ಧಿಸುವ ಪ್ರೋಟೀನು ಈ ಮೂರನ್ನೂ ಇದರಲ್ಲಿ ಪಡೆಯಲಾಯಿತು. ಸುಮಾರು ಮೂರು ದಿನಗಳಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ರೋಗಿಗಳ ಪ್ರಮಾಣದಷ್ಟು ಔಷಧ ಸಿದ್ಧವಾಗಬಲ್ಲದೆಂದು ಅವರು ತೋರಿಸಿದರು.

ದೊಡ್ಡ ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿ ಐವತ್ತು ರೋಗಿಗಳು ಚಿಲ್ಲರೆ ಗಿರಾಕಿಗಳು. ಸಣ್ಣ ಯಂತ್ರಕ್ಕೆ ಅವರೇ ಸಾಕು. ಆದರೆ ಯಂತ್ರ ಕುಗ್ಗಿದ ಮಾತ್ರಕ್ಕೆ ಪರೀಕ್ಷೆಯ ವೆಚ್ಚ ಕುಗ್ಗದು. ಐದು ಊರುಗಳಲ್ಲಿ ಐದು ಯಂತ್ರಗಳಿದ್ದರೆ ಐದರ ಶುದ್ಧತೆಯನ್ನೂ ಪ್ರಮಾಣೀಕರಿಸಬೇಕು. ಸತತ ತಯಾರಿಕೆಗೆ ಅಂತರರಾಷ್ಟ್ರೀಯ ಔಷಧ ಸಮನ್ವಯ ಮಂಡಳಿಯ ಮಾರ್ಗಸೂಚಿ ಹೊರಬಂದುದು ೨೦೨೨ರ ನವೆಂಬರಿನಲ್ಲಿ. ಆ ವೆಚ್ಚವನ್ನು ರೋಗಿಯ ಮೇಲೆ ಹೊರಿಸದೆ ಭರಿಸುವವರು ಯಾರೆಂಬುದನ್ನು ಮಾರ್ಗಸೂಚಿ ಹೇಳುವುದಿಲ್ಲ.