ಬಿಂದುಮಾನವೂ ತ್ರೈರಾಶಿಕವೂ

ದ್ರವೌಷಧವನ್ನು ಹನಿಗಳಿಂದ ಅಳೆಯುವ ಪದ್ಧತಿಯು ನಮ್ಮ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ವಾಗ್ಭಟನು ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ನಸ್ಯವಿಧಿಯನ್ನು ಹೇಳುವಾಗ, ತೋರುಬೆರಳಿನ ಎರಡು ಗೆಣ್ಣುಗಳನ್ನು ದ್ರವದಲ್ಲಿ ಅದ್ದಿ ಎತ್ತಿದಾಗ ಬೀಳುವಷ್ಟು ಒಂದು ಬಿಂದುವೆಂದು ನಿಯಮಿಸಿ, ಉತ್ತಮ, ಮಧ್ಯಮ, ಹ್ರಸ್ವ ಮಾತ್ರೆಗಳಿಗೆ ಕ್ರಮವಾಗಿ 10, 8, 6 ಬಿಂದುಗಳನ್ನು ವಿಧಿಸಿರುವನು. ಬಿಂದುವು ಎಲ್ಲಿಂದ ಬೀಳುವುದೆಂಬುದನ್ನು ಗೊತ್ತುಪಡಿಸದೆ ಬಿಂದುಸಂಖ್ಯೆಯನ್ನು ಮಾತ್ರ ಹೇಳಿದರೆ ಅದು ಅಳತೆಯಾಗದೆಂಬುದು ಇದರಿಂದ ತಿಳಿಯಬರುತ್ತದೆ.

1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ವೈದ್ಯನಾದ ಥಾಮಸ್ ಲಟ್ಟಾ ಕಾಲರಾ ರೋಗಿಗಳಿಗೆ ಲವಣಜಲವನ್ನು ಸಿರೆಯ ಮೂಲಕ ಕೊಟ್ಟನು. ಜನರು ‘ಗ್ಲೂಕೋಸ್ ಹಾಕುವುದು’ ಎನ್ನುವ ಈ ಚಿಕಿತ್ಸೆಯು ಈಗ ಸರ್ವತ್ರ ಪ್ರಚಾರದಲ್ಲಿದೆ. ಕೋಲಾರದಲ್ಲಿ 1910ರಲ್ಲಿ ಸ್ಥಾಪಿತವಾದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ, 1986ರಲ್ಲಿ ಟಮಕದಲ್ಲಿ ಆರಂಭವಾದ ದೇವರಾಜ ಅರಸು ವೈದ್ಯಕೀಯ ಕಾಲೇಜು, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ತಾಲ್ಲೂಕು ಆಸ್ಪತ್ರೆಗಳು, ಇವೆಲ್ಲವುಗಳಲ್ಲಿಯೂ ಹನಿಗಳನ್ನು ಎಣಿಸುವ ಹೊಣೆಯು ಶುಶ್ರೂಷಕಿಯರದು.

ಅವರು ಮಾಡುವ ಗಣಿತವು ಕನ್ನಡನಾಡಿಗೆ ಚಿರಪರಿಚಿತವಾದ ತ್ರೈರಾಶಿಕವೇ ಆಗಿದೆ. ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಇದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. 12ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತದಲ್ಲಿ ಇದನ್ನು ಕನ್ನಡಕ್ಕೆ ತಂದನು. 500 ಮಿಲಿಲೀಟರ್ ದ್ರವವು 4 ಗಂಟೆಗಳಲ್ಲಿ ಸಲ್ಲಬೇಕು, ನಳಿಕೆಯು ಮಿಲಿಲೀಟರಿಗೆ 20 ಹನಿಗಳದು ಎಂದಿಟ್ಟುಕೊಂಡರೆ, ಪ್ರಮಾಣರಾಶಿ 240 ನಿಮಿಷ, ಫಲರಾಶಿ 10,000 ಹನಿ, ಇಚ್ಛಾರಾಶಿ 1 ನಿಮಿಷ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಲು, ನಿಮಿಷಕ್ಕೆ ಸುಮಾರು 42 ಹನಿಗಳೆಂಬ ಇಚ್ಛಾಫಲವು ದೊರೆಯುವುದು.

ಮಿಲಿಲೀಟರಿಗೆ 60 ಹನಿ ಬೀಳುವ ಸೂಕ್ಷ್ಮನಳಿಕೆಯೂ ಬಳಕೆಯಲ್ಲಿದೆ. ಅದರಲ್ಲಿ ಅದೇ ದ್ರವಕ್ಕೆ ನಿಮಿಷಕ್ಕೆ 125 ಹನಿಗಳು ಬೇಕು. ಹನಿಯು ಚಿಕ್ಕದಾದಷ್ಟೂ ಸಂಖ್ಯೆಯು ಹೆಚ್ಚುವುದರಿಂದ ಇದು ವ್ಯಸ್ತತ್ರೈರಾಶಿಕದ ವಿಷಯ. ಮುಳಬಾಗಿಲಿನಿಂದ ಕೋಲಾರಕ್ಕೆ ಕಳುಹಿಸಲ್ಪಟ್ಟ ರೋಗಿಯ ಚೀಟಿಯಲ್ಲಿ ‘42 ಹನಿ’ ಎಂದಷ್ಟೇ ಬರೆದಿದ್ದು, ಇಲ್ಲಿ ಸೂಕ್ಷ್ಮನಳಿಕೆಯನ್ನು ಜೋಡಿಸಿದರೆ, 4 ಗಂಟೆಗಳ ದ್ರವವು ಸುಮಾರು 12 ಗಂಟೆಗಳನ್ನು ತೆಗೆದುಕೊಳ್ಳುವುದು. 125 ಹನಿಗಳೆಂಬ ಸಂಖ್ಯೆಯು ದೊಡ್ಡ ಹನಿಯ ನಳಿಕೆಗೆ ಅನ್ವಯಿಸಲ್ಪಟ್ಟರೆ ಅಷ್ಟೂ ದ್ರವವು 80 ನಿಮಿಷಗಳಲ್ಲಿಯೇ ದೇಹವನ್ನು ಸೇರುವುದು. ದುರ್ಬಲಹೃದಯನಿಗೆ ಇದು ಪ್ರಾಣಾಪಾಯಕರ. ಎರಡೆಡೆಯಲ್ಲಿಯೂ ಗಣಿತವು ತಪ್ಪಿಲ್ಲ, ಮಾನವು ತಪ್ಪಿದೆ.

ಮಾನಭೇದದ ಈ ತೊಡಕು ಪ್ರಾಚೀನರಿಗೂ ಗೊತ್ತಿದ್ದಿತು. ಮಾಗಧಮಾನದಲ್ಲಿ ಮಾಷವೆಂದರೆ 6 ಗುಂಜಿ, ಕಾಲಿಂಗಮಾನದಲ್ಲಿ 8, ಕೆಲವೆಡೆ 7. ಹೆಸರು ಒಂದೇ ಆದರೂ ತೂಕವು ಬೇರೆ. ಆದಕಾರಣವೇ ಶಾರ್ಙ್ಗಧರನು ಔಷಧಯೋಗಗಳಿಗೆ ಮೊದಲು ಮಾನಪರಿಭಾಷೆಯನ್ನು ಹೇಳಿದನು. ಚೀಟಿಯಲ್ಲಿ ಹನಿಗಳ ಸಂಖ್ಯೆಯೊಡನೆ ಗಂಟೆಗೆ ಇಷ್ಟು ಮಿಲಿಲೀಟರ್ ಎಂದೂ, ನಳಿಕೆಯು ಇಷ್ಟು ಹನಿಗಳದೆಂದೂ ಬರೆಯುವುದು ಆ ಪರಿಭಾಷೆಯ ಅನುಸರಣವೇ ಆಗಿದೆ.