ಬ್ಯಾಟರಿ ಗಾಡಿಯ ಬ್ಯಾಟರಿ: ದೋಷ ಪತ್ತೆ ಮತ್ತು ಆರೈಕೆ

ಗಾಲ್ಫ್ ಮೈದಾನದ ಗಾಡಿ ಕರ್ನಾಟಕದಲ್ಲಿ ಹೆಚ್ಚಿನವರಿಗೆ ಪರಿಚಯವಾದದ್ದು ಪ್ರವಾಸಿ ತಾಣಗಳ ‘ಬ್ಯಾಟರಿ ಗಾಡಿ’ಯಾಗಿ. ಹಂಪಿಯ ವಿಜಯವಿಠ್ಠಲ ದೇವಾಲಯಕ್ಕೆ ಜನರನ್ನು ಒಯ್ಯುವುದೂ ಇಂಥ ಗಾಡಿಯೇ. ಲಿಥಿಯಂ ಬಂದಿದ್ದರೂ ಇವುಗಳಲ್ಲಿ ಸೀಸ-ಆಮ್ಲ ಬ್ಯಾಟರಿಯ ಬಳಕೆ ನಿಂತಿಲ್ಲ. ಅದನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ. ವಿಜಯಪುರ ಸಮೀಪದ ಅರಕೇರಿಯಂಥ ಊರುಗಳ ಮನೆಗಳಲ್ಲಿ ಇನ್ವರ್ಟರ್‌ಗೆ ಜೋಡಿಸುವ ಟ್ಯೂಬ್ಯುಲರ್ ಬ್ಯಾಟರಿಯೂ ಇದೇ ಜಾತಿಯದು. ಆರೈಕೆಯೂ ಬಹುಮಟ್ಟಿಗೆ ಒಂದೇ.

ಒಂದು ಸೆಲ್ ಸುಮಾರು 2 ವೋಲ್ಟ್ ಕೊಡುತ್ತದೆ. 48 ವೋಲ್ಟಿನ ಗಾಡಿಗೆ 8 ವೋಲ್ಟಿನ ಆರು ಅಥವಾ 12 ವೋಲ್ಟಿನ ನಾಲ್ಕು ಬ್ಯಾಟರಿಗಳನ್ನು ಸಾಲಾಗಿ ಜೋಡಿಸುತ್ತಾರೆ. ಸಾಲಿನಲ್ಲಿ ಒಂದು ಸೋತರೆ ಗಾಡಿಯೇ ಸೋಲುತ್ತದೆ. ಚಾರ್ಜ್ ಇಳಿದಾಗ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಮ್ಲ ತೆಳುವಾಗುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಆ ಸಲ್ಫೇಟ್ ಕರಗುತ್ತದೆ. ವಾರಗಟ್ಟಲೆ ಬಿಟ್ಟರೆ ಹರಳುಗಟ್ಟಿ ಗಡುಸಾಗುತ್ತದೆ. ಹೀಗಾಗಿ ದಿನವೂ ಓಡುವ ಗಾಡಿಗಿಂತ ಚಾರ್ಜ್ ಇಲ್ಲದೆ ಮೂಲೆಯಲ್ಲಿ ನಿಂತ ಗಾಡಿಯ ಬ್ಯಾಟರಿಯೇ ಬೇಗ ಕೆಡುವುದುಂಟು.

‘ಬ್ಯಾಟರಿ ಹೋಯ್ತು’ ಎನ್ನುವ ಮೊದಲು ಟರ್ಮಿನಲ್ ನೋಡಬೇಕು. ಸಡಿಲ ನಟ್ಟು, ಬಿಳಿ-ಹಸಿರು ಕಿಲುಬು ಎಷ್ಟೋ ಸಲ ನಿಜವಾದ ಕಾರಣ. ಅಡುಗೆ ಸೋಡಾ ಕದಡಿದ ನೀರಿನಿಂದ, ಸೆಲ್ಲಿನೊಳಗೆ ಹೋಗದಂತೆ ತೊಳೆದು, ಒರೆಸಿ, ಬಿಗಿದು ವ್ಯಾಸಲಿನ್ ಸವರಿದರೆ ಸಾಕು. ಬಳಿಕ ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ಅಳೆಯಬೇಕು: 12 ವೋಲ್ಟಿನ ಬ್ಯಾಟರಿ ಸುಮಾರು 12.6 ತೋರಿಸಬೇಕು. ಆದರೆ ಸುಮ್ಮನೆ ಕುಳಿತ ಬ್ಯಾಟರಿಯ ವೋಲ್ಟೇಜ್ ಒಂದನ್ನೇ ನಂಬುವಂತಿಲ್ಲ. ಗಾಡಿ ಎಳೆಯುವಾಗ ಯಾವುದು ಉಳಿದವುಗಳಿಗಿಂತ ಹೆಚ್ಚು ಕುಸಿಯುತ್ತದೋ ಅದೇ ದುರ್ಬಲ. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇನ್ನೂ ಖಚಿತ. ಪೂರ್ತಿ ಚಾರ್ಜ್ ಆದ ಸೆಲ್ಲಿನಲ್ಲಿ ಈ ಸಾಂದ್ರತೆ ಸಾಮಾನ್ಯವಾಗಿ 1.265ರಿಂದ 1.280. ಒಂದು ಸೆಲ್ ಮಾತ್ರ ಉಳಿದವುಗಳಿಗಿಂತ 0.050ರಷ್ಟು ಕಡಿಮೆಯಿದ್ದರೆ ಅದರಲ್ಲಿ ದೋಷವಿದೆ.

ಹೆಚ್ಚು ತಪ್ಪು ನಡೆಯುವುದು ನೀರಿನಲ್ಲಿ. ಆವಿಯಾಗುವುದು ನೀರು, ಆಮ್ಲವಲ್ಲ. ಆದ್ದರಿಂದ ಆಮ್ಲ ಸೇರಿಸಬಾರದು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬೋರಿನ ಸವಳು ನೀರಂತೂ ಬೇಡ, ಕುಡಿಯುವ ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ನೀರು ತುಂಬುವುದು ಚಾರ್ಜ್ ಆದ ಮೇಲೆ. ಫಲಕಗಳು ಬತ್ತಿದ್ದರೆ ಮಾತ್ರ ಅವು ಮುಳುಗುವಷ್ಟು ಮೊದಲೇ ಹಾಕಬೇಕು. ವಿಜಯಪುರದ ಬೇಸಿಗೆಯ 40 ಡಿಗ್ರಿ ಬಿಸಿಲಿನಲ್ಲಿ ಮಟ್ಟವನ್ನು ಪದೇಪದೇ ನೋಡುವುದು ಅಗತ್ಯ. ಬ್ಯಾಟರಿಯ ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರ ಅಂದಾಜು. ನೆರಳಿನ ಶೆಡ್ಡಿನ ಖರ್ಚು ದಂಡವಲ್ಲ.

ಚಾರ್ಜ್ ಮಾಡುವಾಗ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ. 4 ದಾಟಿದರೆ ಕಿಡಿಯೊಂದಕ್ಕೆ ಸ್ಫೋಟಿಸಬಲ್ಲದು. ಬೀಡಿ, ದೀಪ ದೂರವಿರಲಿ. ಹಳೆಯ ಬ್ಯಾಟರಿಯನ್ನು ಒಡೆದು ಸೀಸ ತೆಗೆಯುವುದು ಅಪಾಯಕರ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅದನ್ನು ಮನೆಯ ಕಸದೊಡನೆ ಬೆರೆಸದೆ, ಸಂಗ್ರಹಿಸುವವರಿಗೆ ಅಥವಾ ಮರುಬಳಕೆದಾರರಿಗೆ ಒಪ್ಪಿಸಬೇಕು.